ನಿಂತ ಗಣಪತಿ, ಕೂತ ಪಂಕ್ತಿ

ಹರಕೆ ಹೊತ್ತಿದ್ದು ಆಯಿ, ತೀರಿಸಬೇಕಾಗಿ ಬಂದಿದ್ದು ನಾನು. ಮಗನಿಗೆ ಕೆಲಸ ಸಿಕ್ಕರೆ ಇಡಗುಂಜಿ ದೇವಸ್ಥಾನದಲ್ಲಿ ಒಂದು ದಿನ ಊಟದ ಪಂಕ್ತಿಗೆ ಬಡಿಸುತ್ತಾನೆ ಅಂತ ಗಣಪತಿಯ ಹತ್ತಿರ ಮಾತಾಡಿ ಮುಗಿಸಿಬಿಟ್ಟಿದ್ದಳು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕಾಯಿ ಒಡೆಸುತ್ತೇನೆ, ಗಣಹೋಮ ಮಾಡಿಸುತ್ತೇನೆ ಅಂದಿದ್ದರೆ ದುಡ್ಡಿನಲ್ಲಿ ಮುಗಿಯುತ್ತಿತ್ತು. ಇದು ಸೊಂಟ ಬಗ್ಗಿಸುವ ಹರಕೆ.

ಕೆಲಸ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ಮಾಘದ ಒಂದು ಮಂಗಳವಾರ ರಜೆ ಹಾಕಿ ಊರಿಗೆ ಬಂದು, ಬೆಳಿಗ್ಗೆ ಹೊನ್ನಾವರದಲ್ಲಿ ಬಸ್ಸು ಹತ್ತಿದೆ. ಶರಾವತಿ ಸೇತುವೆ ದಾಟುವಾಗ ಎಲ್ಲರ ಹಾಗೆ ನಾನೂ ಕಿಟಕಿಯಿಂದ ಹೊಳೆಗೆ ಕೈ ಮುಗಿದೆ. ಈ ಹೊಳೆಯ ಎಡದಂಡೆಯ ಕುಂಜವೇ ಇಡಾಕುಂಜ, ಅದೇ ಬಾಯಿಂದ ಬಾಯಿಗೆ ಇಡಗುಂಜಿ ಆಯಿತು ಅಂತ ಹೇಳುತ್ತಾರೆ. ವಾಲಖಿಲ್ಯ ಋಷಿಗಳ ಯಾಗಕ್ಕೆ ವಿಘ್ನದ ಮೇಲೆ ವಿಘ್ನ ಬಂತಂತೆ. ನಾರದರು ಬಂದು, ಮೊದಲು ಗಣಪತಿಯನ್ನು ಕರೀರಿ ಅಂದರಂತೆ. ಬಂದ ಗಣಪತಿ ಇಲ್ಲೇ ಉಳಿದುಬಿಟ್ಟ.

ಇಡಗುಂಜಿಯ ಗಣಪತಿ ಕೂತಿಲ್ಲ, ನಿಂತಿದ್ದಾನೆ. ನಾಲ್ಕು ಕೈ ಇಲ್ಲ, ಎರಡೇ. ಒಂದರಲ್ಲಿ ತಾವರೆ ಮೊಗ್ಗು, ಇನ್ನೊಂದರಲ್ಲಿ ಮೋದಕ. ಚಿಕ್ಕವನಿದ್ದಾಗಿಂದ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಪಂಚಕಜ್ಜಾಯ ಯಾವಾಗ ಕೈಗೆ ಬರುತ್ತದೆ ಅನ್ನುವುದರ ಮೇಲೇ ಗಮನ ಇರುತ್ತಿತ್ತು. ಈ ಸಲ ಬಡಿಸಲಿಕ್ಕೆ ಅಂತ ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಶಲ್ಯ ಸುತ್ತಿ ಹೋಗಿದ್ದಕ್ಕೋ ಏನೋ, ಕಣ್ಣಿಗೆ ಬೇರೆಯೇ ಕಂಡಿತು. ಊಟದ ಪಂಕ್ತಿಯಲ್ಲಿ ಉಣ್ಣುವವರು ಕೂತಿರುತ್ತಾರೆ, ಬಡಿಸುವವನು ನಿಂತಿರುತ್ತಾನೆ. ಕೈಯಲ್ಲಿ ತಿನ್ನುವ ವಸ್ತು ಹಿಡಿದು ಹೀಗೆ ನಿಂತವನು ಉಣ್ಣಲು ಬಂದವನ ಹಾಗೆ ಕಾಣಲಿಲ್ಲ. ಯಾರ ಎಲೆಗೆ ಹಾಕಲಿ ಅಂತ ನೋಡುತ್ತಿದ್ದವನ ಹಾಗೆ ಕಂಡ.

ಇದು ಶಿಲ್ಪಶಾಸ್ತ್ರದ ಮಾತಲ್ಲ, ನನಗೆ ಹೊಳೆದದ್ದು ಅಷ್ಟೆ.

ಆಯಿ ಈ ಹರಕೆ ಯಾಕೆ ಹೊತ್ತಳು ಅಂತ ಹೇಳಬೇಕು. ಹೋದ ವರ್ಷ ಯುಗಾದಿ ಹೊತ್ತಿಗೆ ಬೆಂಗಳೂರಿನ ಕೆಲಸ ಹೋಯಿತು. ಒಂದು ಮಧ್ಯಾಹ್ನ ಕರೆದರು, ಕಾಗದ ಕೊಟ್ಟರು, ಲ್ಯಾಪ್‌ಟಾಪ್ ತೆಗೆದುಕೊಂಡರು. ಬಾಡಿಗೆ ಕಟ್ಟಿ ಎಷ್ಟು ದಿನ ಅಂತ ಅಲ್ಲಿರುವುದು? ಊರಿಗೆ ಬಂದೆ. ಒಂದೆರಡು ತಿಂಗಳು ಅಂದುಕೊಂಡಿದ್ದು ಎಂಟು ತಿಂಗಳಾಯಿತು. ಆ ಎಂಟು ತಿಂಗಳು ನಾನು ದುಡಿಯದೆ ಉಂಡೆ. ದಿನಕ್ಕೆ ಎರಡು ಹೊತ್ತು ಊಟ, ಬೆಳಿಗ್ಗೆ ದೋಸೆ, ಸಂಜೆ ಕುಡಿಯಲು ಆಸ್ರಿಗೆ. ಒಂದು ಹೊತ್ತೂ ತಪ್ಪಲಿಲ್ಲ.

ಕಷ್ಟ ಆಗಿದ್ದು ಹಸಿವಿನಿಂದಲ್ಲ, ತಟ್ಟೆಯಿಂದ. ತಟ್ಟೆ ಮುಂದೆ ಕೂತಾಗ ಗಂಟಲು ಬಿಗಿಯುತ್ತಿತ್ತು. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ಬಿಟ್ಟೆ. ತುಪ್ಪ ಬೇಡ ಅನ್ನಲು ಶುರು ಮಾಡಿದೆ. ಊಟದ ಹೊತ್ತಿಗೆ ಸರಿಯಾಗಿ ತೋಟಕ್ಕೆ ಹೋಗಿ, ಎಲ್ಲರದ್ದೂ ಆದ ಮೇಲೆ ಬರುತ್ತಿದ್ದೆ. ಆಯಿ ಎಲ್ಲವನ್ನೂ ನೋಡುತ್ತಿದ್ದಳು. ಒಂದು ದಿನ ಮಾತ್ರ, ಕೇಳದೆಯೇ ಅನ್ನದ ಮೇಲೆ ತುಪ್ಪ ಸುರಿದು, "ಉಂಡ್ಕ ತಮಾ. ಆ ಪರಮೇಶ್ವರನೇ ಬೇಡಿ ಉಂಡಿದ್ದ. ನಿಂದೆಂತ ದೊಡ್ಡದು?" ಅಂದಳು.

ಅವಳು ಹೇಳಿದ್ದು ಅನ್ನಪೂರ್ಣೆಯ ಕತೆ. ಎಲ್ಲವೂ ಮಾಯೆ, ಅನ್ನವೂ ಮಾಯೆ ಅಂದನಂತೆ ಶಿವ. ಪಾರ್ವತಿ ಸಿಟ್ಟು ಮಾಡಿಕೊಂಡು ಮಾಯವಾದಳು. ಜಗತ್ತಿನಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಕೊನೆಗೆ ಕಾಶಿಯಲ್ಲಿ ಅವಳು ಅಡುಗೆ ಮಾಡಿ ಬಡಿಸುತ್ತಿದ್ದಾಳೆ ಅಂತ ಗೊತ್ತಾಗಿ, ಶಿವ ಕಪಾಲ ಹಿಡಿದು ಅವಳ ಬಾಗಿಲಿಗೇ ಹೋದ. ಈ ಕತೆಯಲ್ಲಿ ನನಗೆ ಇಷ್ಟ ಆಗುವುದು ಅವಳು ಕೇಳದೆ ಬಿಟ್ಟದ್ದು. "ನೀ ಇವತ್ತು ಎಂತ ಕೆಲಸ ಮಾಡಿದ್ಯ?" ಅಂತ ಅವಳು ಕೇಳಲೇ ಇಲ್ಲ. ಆ ಮನುಷ್ಯ ಸ್ಮಶಾನದಲ್ಲಿ ಕೂತು ಧ್ಯಾನ ಮಾಡುವವನು. ಕೇಳಿದ್ದರೆ ಉತ್ತರ ಕಷ್ಟ ಇತ್ತು.

ಆಯಿ ಹಾಗಂದ ಮಾರನೇ ದಿನವೋ ಅದರ ಮಾರನೇ ದಿನವೋ, ಮಳೆ ಹೊಯ್ಯುತ್ತಿತ್ತು. ಜಗಲಿಯಲ್ಲಿ ಚಾಲಿ ಅಡಿಕೆ ಸುಲಿಯಲು ನಾಲ್ಕು ಹೆಂಗಸರು ಬಂದಿದ್ದರು. ಒಂದು ಮೆಟ್ಟುಗತ್ತಿ ಖಾಲಿ ಇತ್ತು. ಹೋಗಿ ಕೂತೆ. ಯಾರೂ ಕರೆದಿರಲಿಲ್ಲ. ಕತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಒಣಗಿದ ಅಡಿಕೆಯನ್ನು ಮೊನೆಗೆ ಒತ್ತಿ ಸಿಪ್ಪೆ ಸೀಳಬೇಕು. ಬೆರಳು ತಪ್ಪಿದರೆ ರಕ್ತ. ಮೊದಲ ದಿನ ಅವರು ಒಂದು ಬುಟ್ಟಿ ಮುಗಿಸುವ ಹೊತ್ತಿಗೆ ನನ್ನದು ತಳ ಮುಚ್ಚಿರಲಿಲ್ಲ. ನಕ್ಕರು. ನಾನೂ ನಕ್ಕೆ. ಆ ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡೆ.

ಇದನ್ನು ಕೇಳಿದ ನನ್ನ ಸೋದರಮಾವ, "ನೋಡು, ಕೆಲಸ ಮಾಡಿದ್ದಕ್ಕೆ ಊಟ ಸೇರಿತು. ಅದಕ್ಕೇ ಹೇಳೋದು, ಕೈ ಕೆಸರಾದರೆ ಬಾಯಿ ಮೊಸರು" ಅಂದ. ಅವನ ಪ್ರಕಾರ ಊರು ಹಾಳಾಗಿದ್ದೇ ಪುಕ್ಕಟೆ ಅಕ್ಕಿಯಿಂದ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು, ಕಿಲೋಕ್ಕೆ ಒಂದು ರೂಪಾಯಿ. 2015ರ ಮೇ ತಿಂಗಳಿಂದ ಆ ಒಂದು ರೂಪಾಯಿಯೂ ಹೋಯಿತು. ಅಲ್ಲಿಂದ ತೋಟಕ್ಕೆ ಜನ ಬರೋದಿಲ್ಲ, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಸಿಗೋದಿಲ್ಲ ಅಂತ ಅವನ ಲೆಕ್ಕ. ನಮ್ಮ ಕಡೆ ಯಾವ ಮನೆಯ ಜಗಲಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ.

ನನಗೆ ಮಾವನ ಲೆಕ್ಕ ಸರಿ ಅನ್ನಿಸುವುದಿಲ್ಲ. ನಾನು ಮೊದಲು ಉಂಡೆ, ಆಮೇಲೆ ಕತ್ತಿ ಮುಂದೆ ಕೂತೆ. ಉಣ್ಣುವುದಕ್ಕೆ ಷರತ್ತು ಹಾಕಿದ್ದರೆ ನಾನು ಕೂರುತ್ತಿದ್ದೆ, ನಿಜ. ಆದರೆ ಆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತಾ, ಗೊತ್ತಿಲ್ಲ. ಗಾದೆಗಳೂ ಒಂದೇ ಬಾಯಲ್ಲಿ ಮಾತಾಡುವುದಿಲ್ಲ ಅಲ್ವಾ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂದವರೇ, ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನಾ ಅಂತಲೂ ಅಂದಿದ್ದಾರೆ.

ಕೊನೆಗೌಡನ ಮಾತು ಬಂತಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತೋಟದ ಕೊನೆ ಕೊಯ್ಯುತ್ತಿದ್ದವನು ಮರದಿಂದ ಬಿದ್ದ. ನಮ್ಮ ತೋಟದಲ್ಲಲ್ಲ, ಪಕ್ಕದ ಊರಿನಲ್ಲಿ. ಸೊಂಟ ಹೋಯಿತು. ಅಡಿಕೆ ಮರ ಎಷ್ಟು ಎತ್ತರ, ಎಷ್ಟು ಸಪೂರ ಅಂತ ನೋಡಿದವರಿಗೆ ಗೊತ್ತು. ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ಇಳಿದು ಹತ್ತುವುದಿಲ್ಲ, ಮೇಲೆಯೇ ಮರವನ್ನು ಬಾಗಿಸಿ ದಾಟುತ್ತಾನೆ. ಇವತ್ತು ಅವರ ಮಕ್ಕಳು ಈ ಕೆಲಸಕ್ಕೆ ಬಾರದೆ ಗೋವಾಕ್ಕೋ ಮಂಗಳೂರಿಗೋ ಹೋಗಿದ್ದರೆ ಅದು ಐದು ಕಿಲೋ ಅಕ್ಕಿಯ ಸೊಕ್ಕಲ್ಲ. ನೆಲದ ಮೇಲೆ ನಿಂತು ಕೊಯ್ಯುವ ಫೈಬರ್ ದೋಟಿ ಬಂದದ್ದು ಒಳ್ಳೆಯದೇ ಆಯಿತು.

ಬಿದ್ದ ಮೇಲೆ ಅವನು ಹದಿನಾರು ವರ್ಷ ಬದುಕಿದ್ದ. ಒಂದು ಮರವನ್ನೂ ಹತ್ತಲಿಲ್ಲ. ಅಪ್ಪಯ್ಯ ಪ್ರತಿ ತಿಂಗಳು ಅವನ ಮನೆಗೆ ಅಕ್ಕಿ ಕಳಿಸುತ್ತಿದ್ದ. ದೊಡ್ಡ ಉಪಕಾರ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಆ ಮನುಷ್ಯ ಗಟ್ಟಿ ಇದ್ದಾಗ, ದಿನವಿಡೀ ನಮ್ಮ ಮರ ಹತ್ತಿ ಇಳಿದ ಮೇಲೆ, ನಮ್ಮ ಮನೆಯಲ್ಲಿ ಅವನಿಗೆ ಊಟ ಎಲ್ಲಿ ಹಾಕುತ್ತಿದ್ದರು? ಅಂಗಳದಲ್ಲಿ, ಅಡಿಕೆ ಹಾಳೆಯ ಮೇಲೆ. ದುಡಿದವನಿಗೂ ನಾವು ಸರಿಯಾಗಿ ಬಡಿಸಲಿಲ್ಲ. ಹಾಗಿದ್ದವರು ದುಡಿಯದವನಿಗೆ ಊಟ ಯಾಕೆ ಅಂತ ಕೇಳುವುದು ನೋಡಿದರೆ ನನಗೆ ನಾಚಿಕೆ ಆಗುತ್ತದೆ. ಇದನ್ನು ಮಾವನ ಎದುರು ಹೇಳಿಲ್ಲ. ಹೇಳಿದ್ದರೆ ಆ ದಿನದ ಎಲೆ ಅಡಿಕೆ ಅಲ್ಲಿಗೇ ನಿಲ್ಲುತ್ತಿತ್ತು.

ಇಂಥ ಚರ್ಚೆ ಬಂದಾಗ ಯಾರಾದರೂ ಕಾಯಕದ ಮಾತು ತೆಗೆದೇ ತೆಗೆಯುತ್ತಾರೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ, ಇಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಅಂತ ವಾಪಸ್ಸು ಕಳಿಸಿದಳು. ಕೆಲಸ ಮಾಡದೆ ಉಣ್ಣಬಾರದು ಅನ್ನಲು ಈ ದಂಪತಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಆದರೆ ಲಕ್ಕಮ್ಮ ತಕರಾರು ತೆಗೆದದ್ದು ಕಡಿಮೆ ದುಡಿದವನ ಮೇಲೆ ಅಲ್ಲ, ಬೇಕಾದ್ದಕ್ಕಿಂತ ಜಾಸ್ತಿ ತಂದವನ ಮೇಲೆ. ಮತ್ತೆ ಆ ಮನೆಯಲ್ಲಿ ಬೆಂದ ಅಕ್ಕಿ ದಾಸೋಹಕ್ಕೆ ಹೋಗುತ್ತಿತ್ತು. ತಾನು ದುಡಿಯಬೇಕು ಅಂತ ತನಗೆ ತಾನೇ ಹೇಳಿಕೊಳ್ಳುವುದು ಬೇರೆ, ಎದುರಿಗೆ ಎಲೆ ಹಾಕಿಕೊಂಡು ಕೂತವನಿಗೆ ಹೇಳುವುದು ಬೇರೆ.

ಪುಕ್ಕಟೆ ಊಟ ಅಂದರೆ ಆಕಾಶದಿಂದ ಉದುರಿದ್ದಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಅದು ಗೊತ್ತಾಗುತ್ತದೆ. ಇಡಗುಂಜಿಯಲ್ಲಿ ನಾನು ಒಳಗೆ ಹೋದಾಗ ಒಲೆಯ ಮೇಲಿನ ಹಂಡೆಯಲ್ಲಿ ಅನ್ನ ಕೊನೆಯ ಕುದಿ ಬರುತ್ತಿತ್ತು. ಅಡುಗೆ ಭಟ್ಟರು ಒಂದು ಅಗುಳು ತೆಗೆದು ಬೆರಳಲ್ಲಿ ಒತ್ತಿ ನೋಡಿ, ಬಸಿಯಿರಿ ಅಂದರು. ಇಬ್ಬರು ಸೇರಿ ಹಂಡೆ ಬಗ್ಗಿಸಿದರು. ಹಬೆಗೆ ಇಬ್ಬರ ಮುಖವೂ ಕಾಣಲಿಲ್ಲ. ಒಬ್ಬಾತ ಸೌತೆಕಾಯಿ ಹೆಚ್ಚುತ್ತಿದ್ದ, ಕಣ್ಣು ಬೇರೆಲ್ಲೋ, ಕೈ ಮಾತ್ರ ಅಲ್ಲಿ. ಇವರಿಗೆ ಸಂಬಳ ಬರಬೇಕು, ಮೈ ನೋಯುತ್ತದೆ. ಗದ್ದೆಯಲ್ಲಿ ಬತ್ತ ನೆಟ್ಟವರಿಗೂ ನೋಯುತ್ತದೆ. ಯಾರೋ ದುಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಊಟ ಖಾತ್ರಿ ಇದ್ದರೆ ಆ ಯಾರೋ ಒಬ್ಬರು ಸಿಗುತ್ತಾರಾ ಅಂತ ಮಾವ ಕೇಳಬಹುದು. ಅವನಿಗೆ ನಾನು ಯಕ್ಷಗಾನದ ಆಟ ತೋರಿಸುತ್ತೇನೆ. ಈ ಗಣಪತಿಯ ಹೆಸರಿನಲ್ಲೇ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದರು. ಅದು ದೊಡ್ಡ ಹೆಸರು, ಬಿಡಿ. ನಮ್ಮ ಊರೂರಿನ ಹವ್ಯಾಸಿ ವೇಷಧಾರಿಗಳನ್ನು ನೋಡಿ. ಹಗಲು ತೋಟ, ಅಂಗಡಿ, ಶಾಲೆ. ರಾತ್ರಿ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಬೆವರು ಸುರಿಸಿ ಕುಣಿಯುತ್ತಾರೆ. ಹೊಟ್ಟೆಗಾಗಿ ಅಲ್ಲ. ಹೊಟ್ಟೆ ತುಂಬಿದ ಮನುಷ್ಯ ಸುಮ್ನೆ ಕೂರುತ್ತಾನೆ ಅನ್ನುವುದು ನಮ್ಮ ಮಾವನೇ ಸುಳ್ಳು ಮಾಡಿದ ಮಾತು. ಅವನಿಗೆ ಎಪ್ಪತ್ತು ದಾಟಿದೆ, ಮಕ್ಕಳು ದುಡ್ಡು ಕಳಿಸುತ್ತಾರೆ, ಬೆಳಿಗ್ಗೆ ಆರಕ್ಕೆ ತೋಟದಲ್ಲಿರುತ್ತಾನೆ.

ಇಷ್ಟೆಲ್ಲ ಬರೆದ ಮೇಲೆ ಆ ಮಂಗಳವಾರ ನಾನು ಮಾಡಿದ್ದನ್ನೂ ಬರೆಯಬೇಕು.

ನನ್ನ ಕೈಗೆ ಸಾರಿನ ಬಕೆಟ್ ಕೊಟ್ಟರು. ಮೊದಲ ಪಂಕ್ತಿಯಲ್ಲಿ ಮೂಲೆಯಲ್ಲಿ ಒಬ್ಬ ಮುದುಕ ಕೂತಿದ್ದ. ಮಾಸಿದ ಪಂಚೆ, ಹೆಗಲ ಮೇಲೆ ನೀಲಿ ಟವೆಲ್, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅನ್ನದ ನಡುವೆ ಬೆರಳಲ್ಲಿ ಗುಳಿ ಮಾಡಿ ಸಾರು ಹಾಕಿಸಿಕೊಂಡ. ನಿಧಾನ ಉಂಡ, ಎದ್ದು ಹೋದ. ಎರಡನೇ ಪಂಕ್ತಿಗೆ ನಾನು ಬಕೆಟ್ ತುಂಬಿಸಿಕೊಂಡು ಬಂದರೆ ಅದೇ ಮುದುಕ, ಬೇರೆ ಮೂಲೆ. ಮತ್ತೆ ಗುಳಿ ಮಾಡಿ ಕಾಯುತ್ತಿದ್ದ.

ನನ್ನ ಕೈ ನಿಂತಿತು. ಒಂದು ಕ್ಷಣ ಅಷ್ಟೆ. ಆಗಲೇ ಉಂಡೆಯಲ್ಲ ಮಾರಾಯ ಅಂತ ಬಾಯಿಗೆ ಬಂದದ್ದನ್ನು ನುಂಗಿದೆ. ಆದರೆ ಸೌಟು ಅರ್ಧವೇ ತುಂಬಿತು. ಬೇಕು ಅಂತಲೇ ಅರ್ಧ. ಆ ಸಾರು ನನ್ನದಲ್ಲ, ಅಕ್ಕಿ ನನ್ನದಲ್ಲ, ದೇವಸ್ಥಾನ ನನ್ನದಲ್ಲ. ಎಂಟು ತಿಂಗಳು ಕೂತು ಉಂಡವನು ನಾನು. ಆ ಕೈಗೆ ಅಷ್ಟು ಬೇಗ ಯಜಮಾನಿಕೆ ಎಲ್ಲಿಂದ ಬಂತು?

ಅವನು ಮುಖ ಎತ್ತಿ ನೋಡಿದ. ಸಿಟ್ಟು ಇರಲಿಲ್ಲ. "ಸಾಕು, ಸಾಕು" ಅಂದ, ನಾನು ಜಾಸ್ತಿ ಹಾಕಿದೆನೇನೋ ಅನ್ನುವ ಹಾಗೆ.

ಮುಂದಿನ ಎಲೆಗೆ ಹೋದೆ. ಪಂಕ್ತಿ ಮುಗಿಸಿ, ಪಾಯಸದ ಬಕೆಟ್ ಹಿಡಿದವನ ಕೈಯಿಂದ ಅದನ್ನು ಇಸಿದುಕೊಂಡು ಆ ಮೂಲೆಗೆ ಓಡಿದೆ. ಎಲೆ ಮಡಚಿಟ್ಟಿದ್ದ. ಚೀಲವೂ ಇರಲಿಲ್ಲ. ಹೊರಗೆ ಚಪ್ಪಲಿ ಬಿಡುವ ಜಾಗದವರೆಗೂ ಹೋಗಿ ನೋಡಿದೆ. ಬಸ್ಸಿನ ಹತ್ತಿರ ನೀಲಿ ಟವೆಲ್ ಇಬ್ಬರು ಮೂವರ ಹೆಗಲ ಮೇಲಿತ್ತು, ಅವನದ್ದಲ್ಲ.

ಕೊನೆಯ ಪಂಕ್ತಿಯಲ್ಲಿ ಬಡಿಸಿದವರೆಲ್ಲ ಕೂತೆವು. ಯಾರೋ ಹುಡುಗ ಅನ್ನ ಹಾಕುತ್ತ ಬಂದ. ನನ್ನ ಮುಖ ನೋಡಲಿಲ್ಲ, ಎಲೆ ಮಾತ್ರ ನೋಡಿದ. ಖಾಲಿ ಕಂಡಲ್ಲಿ ಹಾಕಿದ, ಮುಂದೆ ಹೋದ.

ಸಂಜೆ ಮನೆಗೆ ಬಂದಾಗ ಆಯಿ ಪಂಚಕಜ್ಜಾಯದ ಪೊಟ್ಟಣ ಕಣ್ಣಿಗೆ ಒತ್ತಿಕೊಂಡು, "ಹರಕೆ ತೀರ್ತಲ್ಲ ತಮಾ?" ಅಂದಳು. ಹೂಂ ಅಂದೆ. ಅರ್ಧ ಸೌಟಿನ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಫಾಲ್ಗುಣದಲ್ಲಿ ಇನ್ನೊಂದು ಮಂಗಳವಾರಕ್ಕೆ ರಜೆ ಕೇಳಿದ್ದೇನೆ. ಈ ಸಲದ್ದು ನಾನೇ ಹೊತ್ತ ಹರಕೆ.