ಹೊಸತೊಡಕಿಗೆ ಮುನ್ನವೇ ತಳಿಯ ಹುಂಜವನ್ನು ಎತ್ತಿಡಿ

ನಮ್ಮ ಹಳೇ ಮೈಸೂರು ಕಡೆಯ ಊರುಗಳಲ್ಲಿ ನಾಟಿ ಕೋಳಿಯ ತಳಿ ಆಯ್ಕೆ ಬಹುಮಟ್ಟಿಗೆ ತಲೆಕೆಳಗಾಗಿಯೇ ನಡೆಯುತ್ತದೆ. ಯುಗಾದಿಯ ಮರುದಿನದ ಹೊಸತೊಡಕಿಗೋ ಮಾರಿಹಬ್ಬಕ್ಕೋ ಕೊಳ್ಳಲು ಬಂದವರು ಹಿಂಡಿನಲ್ಲಿ ಎಲ್ಲಕ್ಕಿಂತ ಬೇಗ ಮೈತುಂಬಿಕೊಂಡ ಹುಂಜವನ್ನೇ ಕೇಳುತ್ತಾರೆ. ಬೆಲೆ ಕುದುರಿದೊಡನೆ ಅದು ಹೋಗುತ್ತದೆ, ಯಾರಿಗೂ ಬೇಡವಾದ ಸಣಕಲು ಹುಂಜ ಉಳಿದುಕೊಂಡು ಮುಂದಿನ ವರ್ಷದ ಮರಿಗಳಿಗೆಲ್ಲ ತಂದೆಯಾಗುತ್ತದೆ. ಕೆಲವು ವರ್ಷ ಹೀಗೆ ನಡೆದ ಮೇಲೆ ನಾಟಿ ಕೋಳಿ ಮೊದಲಿನಂತೆ ಬೆಳೆಯುವುದಿಲ್ಲವೆಂದು ದೂರಿದರೆ ಕೋಳಿ ಏನು ಮಾಡೀತು? ಆದ್ದರಿಂದ ಹಬ್ಬ ಇನ್ನೂ ದೂರವಿರುವಾಗಲೇ ತಳಿಗೆ ಬೇಕಾದವನ್ನು ಆರಿಸಿ ಅವುಗಳ ಕಾಲಿಗೆ ಬಣ್ಣದ ಬಳೆ ಹಾಕಿಬಿಡುತ್ತೇನೆ. ಬಳೆಯಿರುವ ಹುಂಜಕ್ಕೆ ನಮ್ಮ ಮನೆಯಲ್ಲಿ ಬೆಲೆ ಹೇಳುವುದಿಲ್ಲ.

ಹುಂಜವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ತಾಯಿಯನ್ನು. ಮೈತೂಕ ಮರಿಗಳಿಗೆ ಚೆನ್ನಾಗಿಯೇ ಇಳಿದು ಬರುವ ಗುಣ, ಮೊಟ್ಟೆಯ ಸಂಖ್ಯೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಮೇಲಾಗಿ ಹುಂಜ ಮೊಟ್ಟೆಯಿಡುವ ಪ್ರಾಣಿಯಲ್ಲವಾದ್ದರಿಂದ ಅದರೊಳಗೆ ಏನು ಅಡಗಿದೆಯೆಂಬುದನ್ನು ತಾಯಿಯ ಮತ್ತು ಒಡಹುಟ್ಟಿದ ಹೇಂಟೆಗಳ ಲೆಕ್ಕದಿಂದಲೇ ಊಹಿಸಬೇಕಾಗುತ್ತದೆ. ನಾಟಿ ಹೇಂಟೆಯ ಯೋಗ್ಯತೆಯನ್ನು ಬರೀ ಮೊಟ್ಟೆಯಿಂದ ಅಳೆಯುವುದನ್ನೂ ನಾನು ಒಪ್ಪುವುದಿಲ್ಲ. 10–12 ಮೊಟ್ಟೆಯ ಮೇಲೆ 21 ದಿನ ಅಲುಗದೆ ಕಾವು ಕೂತು, ಮರಿ ಮಾಡಿ, ಹದ್ದಿನ ನೆರಳು ಅಂಗಳದಲ್ಲಿ ಹಾದುಹೋದ ಕ್ಷಣದಲ್ಲೇ ಸದ್ದು ಬದಲಿಸಿ ಮರಿಗಳನ್ನು ಬೇಲಿಯ ಬುಡಕ್ಕೆ ಸೇರಿಸುವ ಹೇಂಟೆಯ ಬಳಿ 8 ವಾರ ಕಳೆದ ಮೇಲೆ ಎಷ್ಟು ಮರಿ ಉಳಿದಿವೆ ಎಂಬುದೇ ನನ್ನ ಪುಸ್ತಕದಲ್ಲಿ ಬರೆದಿಡುವ ಅಂಕಿ.

ಗಿರಿರಾಜದಂಥ ಸುಧಾರಿತ ತಳಿಯನ್ನು ಹಿಂಡಿಗೆ ಬೆರೆಸುವುದಕ್ಕೆ ನಾನು ಹಿಂಜರಿಯುವುದು ಇದೇ ಕಾರಣಕ್ಕೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಆ ಕೋಳಿ ತೂಕಕ್ಕೂ ಮೊಟ್ಟೆಗೂ ಒಳ್ಳೆಯದೇ, ಆದರೆ ಕಾವು ಕೂರುವುದರಲ್ಲಿ ಅದನ್ನು ನಂಬುವಂತಿಲ್ಲ.

ಇನ್ನು ಕೈಯಲ್ಲಿ ಹಿಡಿದು ನೋಡುವ ಪರೀಕ್ಷೆ. ಕತ್ತಲಾದ ಮೇಲೆ, ಕೋಳಿಗಳು ಗೂಡು ಸೇರಿ ಶಾಂತವಾಗಿರುವಾಗ ಇದನ್ನು ಮಾಡುವುದು ಸಲೀಸು. ಹೇಂಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಲದ ಕೆಳಗಿನ ಎರಡು ಸಣ್ಣ ಮೂಳೆಗಳ ನಡುವೆ ಬೆರಳಿಟ್ಟರೆ, ಮೊಟ್ಟೆಯಿಡುತ್ತಿರುವ ಹೇಂಟೆಯಲ್ಲಿ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗ ಸಿಗುತ್ತದೆ, ಮೂಳೆಯ ತುದಿಗಳು ತೆಳುವಾಗಿ ಬಾಗುತ್ತವೆ. ಮೊಟ್ಟೆ ನಿಲ್ಲಿಸಿದ್ದರಲ್ಲಿ ಅವು ಗಡುಸಾಗಿ ಒತ್ತಿಕೊಂಡಿರುತ್ತವೆ. ಹಳದಿ ಕಾಲಿನ ಹೇಂಟೆ ತಿಂಗಳುಗಟ್ಟಲೆ ಬಿಡದೆ ಮೊಟ್ಟೆಯಿಟ್ಟರೆ ಕೊಕ್ಕು ಮತ್ತು ಕಾಲಿನ ಬಣ್ಣ ಬಿಳಿಚಿಕೊಳ್ಳುತ್ತದೆ, ಹಾಗಾಗಿ ಪೇಲವ ಕಾಲನ್ನು ಕಂಡು ಕೋಳಿ ಸೊರಗಿದೆಯೆಂದು ತಳ್ಳಿಹಾಕಬಾರದು. ಹುಂಜದಲ್ಲಿ ಎದೆಯ ಮೂಳೆ ನೆಟ್ಟಗಿರಬೇಕು, ಬೆರಳುಗಳು ಸೊಟ್ಟಗಿರಬಾರದು, ಕೊಕ್ಕಿನ ಎರಡೂ ಭಾಗಗಳು ಸರಿಯಾಗಿ ಕೂಡಬೇಕು. ತೂಕವನ್ನು ಒಂದೇ ಕಾವಿನಲ್ಲಿ ಹುಟ್ಟಿದವುಗಳ ನಡುವೆ ಮಾತ್ರ ಹೋಲಿಸಬೇಕು. ಮಳೆಗಾಲದ ಮರಿಯನ್ನೂ ಬೇಸಿಗೆಯ ಮರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಕಾಣುವುದು ಮೇವಿನ ವ್ಯತ್ಯಾಸವೇ ಹೊರತು ತಳಿಯದಲ್ಲ. ಬಣ್ಣದ ವಿಚಾರದಲ್ಲಿ ನನಗೆ ಹಟವಿಲ್ಲ, ಆದರೂ ಬಯಲಲ್ಲಿ ಮೇಯುವ ಹಿಂಡಿನಲ್ಲಿ ಅಚ್ಚ ಬಿಳಿ ಹೇಂಟೆ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ.

8–10 ಹೇಂಟೆಗೆ ಒಂದು ಹುಂಜ ಸಾಕು. ಎಷ್ಟೇ ಚೆಂದದ ಹುಂಜವಾದರೂ ಅದರ ಹೆಣ್ಣುಮರಿಗಳು ಮೊಟ್ಟೆಗೆ ಬರುವ ಹೊತ್ತಿಗೆ ಅದನ್ನು ಬೇರೆ ಊರಿನ ನಂಬಿಕಸ್ಥರ ಹುಂಜದೊಂದಿಗೆ ಅದಲುಬದಲು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ರಕ್ತಸಂಬಂಧದ ಕೂಡಿಕೆಯಿಂದ ಮರಿಯಾಗುವ ಮೊಟ್ಟೆ ಕಡಿಮೆಯಾಗುತ್ತದೆ, ಹುಟ್ಟಿದ ಮರಿಗಳೂ ಬಲಗುಂದುತ್ತವೆ. ಸಂತೆಯಿಂದ ಹುಂಜ ತರುವುದು ಕೋಳಿಯಿಂದ ಕೋಳಿಗೆ ಬೇಗ ಹರಡುವ ಕೊಕ್ಕರೆ ರೋಗವನ್ನೂ (ರಾಣಿಖೇತ್) ಜೊತೆಗೆ ಕರೆತಂದಂತೆ. ಯಾರಿಂದ ತಂದರೂ ಮೂರು ವಾರವಾದರೂ ಪ್ರತ್ಯೇಕವಾಗಿಟ್ಟು, ಲಸಿಕೆ ಹಾಕಿಸಿಯೇ ಹಿಂಡಿಗೆ ಬಿಡಬೇಕು. ಹಳೆಯ ಹುಂಜವನ್ನು ತೆಗೆದ ಮೇಲೂ ಅದರ ವೀರ್ಯ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಉಳಿಯುವುದರಿಂದ, ಅಲ್ಲಿಯವರೆಗಿನ ಮೊಟ್ಟೆಗಳನ್ನು ಕಾವಿಗಿಡದೆ ಅಡುಗೆಗೋ ಅಂಗಡಿಗೋ ಕೊಟ್ಟುಬಿಡುವುದು ಸರಿ.