ಬೀಕನ್ ಕ್ಯಾಸೆಟ್ಟುಗಳು: ಕೆಲಸ ಎಲ್ಲಿಗೆ ಬಂತು

ಜನವರಿ

ಕೈಗೆತ್ತಿಕೊಂಡ ಕೆಲಸ ಇಷ್ಟು. ಆಲ್ಮನ್ ಬ್ರದರ್ಸ್ ಬ್ಯಾಂಡಿನ ಕಛೇರಿಗಳನ್ನು 1990ರ ದಶಕದಲ್ಲಿ ಅಭಿಮಾನಿಯೊಬ್ಬರು ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ ಕೂತು ಕ್ಯಾಸೆಟ್ಟಿಗೆ ಹಿಡಿದಿದ್ದರು. ಅವನ್ನು ಕಂಪ್ಯೂಟರಿಗೆ ಇಳಿಸಬೇಕು. ಜೊತೆಗೆ ಆ ರಾತ್ರಿಗಳ ಬಗ್ಗೆ ಅವರಿಗೂ ಅವರ ಗೆಳೆಯರಿಗೂ ನೆನಪಿರುವುದನ್ನೆಲ್ಲ ಬರೆದಿಡಬೇಕು. ಕ್ಯಾಸೆಟ್ಟುಗಳ ಯಜಮಾನರು ನ್ಯೂಜೆರ್ಸಿಯಲ್ಲಿ ನಮ್ಮ ಬೀದಿಯವರೇ, ಎಪ್ಪತ್ತು ದಾಟಿದವರು. ಇವು ಕದ್ದು ಮಾಡಿದ ರೆಕಾರ್ಡಿಂಗುಗಳಲ್ಲ. ಕೇಳಲು ಬಂದವರು ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಬ್ಯಾಂಡಿನವರೇ ಒಪ್ಪಿದ್ದರು. ಹಂಚಿಕೊಳ್ಳಬಹುದು, ಮಾರುವಂತಿಲ್ಲ.

ಬ್ಯಾಂಡಿನ ಪರಿಚಯ ಇಲ್ಲದವರಿಗೆ ಎರಡು ಮಾತು. 1969ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಕೂಡಿಕೊಂಡು, ಜಾರ್ಜಿಯಾದ ಮೇಕನ್ ಊರಿಗೆ ಬಂದು ನೆಲೆಸಿದ ಆರು ಜನ ರಾಕ್ ಸಂಗೀತಗಾರರು ಇವರು. ಗಿಟಾರಿಗೆ ಡ್ವೇನ್ ಆಲ್ಮನ್ ಮತ್ತು ಡಿಕಿ ಬೆಟ್ಸ್, ಆರ್ಗನ್ನಿಗೂ ಹಾಡಿಗೂ ಡ್ವೇನನ ತಮ್ಮ ಗ್ರೆಗ್, ಬೇಸ್‌ಗೆ ಬೆರಿ ಓಕ್ಲಿ, ಡ್ರಮ್ಮಿಗೆ ಇಬ್ಬರು: ಬುಚ್ ಟ್ರಕ್ಸ್ ಮತ್ತು ಜೈಮೋ. 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಧ್ವನಿಮುದ್ರಿಸಿದ ಜೋಡಿ ಎಲ್‌ಪಿ ಆ ಜುಲೈನಲ್ಲಿ ಹೊರಬಂದು ಇವರ ಹೆಸರು ನಿಂತಿತು. ಅಕ್ಟೋಬರ್ 29ಕ್ಕೆ ಡ್ವೇನ್ ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ. ವಯಸ್ಸು 24. ಮಾರನೇ ವರ್ಷ ನವೆಂಬರಿನಲ್ಲಿ ಓಕ್ಲಿಯೂ ಅದೇ ಊರಿನಲ್ಲಿ, ಹಾಗೇ ಮೋಟಾರ್‌ಸೈಕಲ್ ಮೇಲೆ ಹೋದ. ಅಲ್ಲಿಂದ ಮುಂದೆ ಬ್ಯಾಂಡ್ ಒಡೆಯಿತು, ಕೂಡಿತು, ಮತ್ತೆ ಒಡೆಯಿತು. 1989ರಲ್ಲಿ ಕೂಡಿದ ಮೇಲೆ ಬೀಕನ್ ಅವರ ಎರಡನೇ ಮನೆಯಾಯಿತು. 2014ರೊಳಗೆ ಅಲ್ಲಿ 200ಕ್ಕೂ ಹೆಚ್ಚು ಕಛೇರಿ ಕೊಟ್ಟರು.

ಫೆಬ್ರವರಿ

ಕ್ಯಾಸೆಟ್ ನುಡಿಸುವ ಡೆಕ್ ಸಿದ್ಧವಾಯಿತು. ಒಳಗಿನ ರಬ್ಬರ್ ಬೆಲ್ಟುಗಳು ಜೋತುಬಿದ್ದಿದ್ದವು, ಹೊಸತು ಹಾಕಿದೆ. ಟೇಪಿನಿಂದ ಧ್ವನಿ ಓದುವ ಹೆಡ್ಡನ್ನೂ ಟೇಪ್ ಎಳೆಯುವ ರಬ್ಬರ್ ಗಾಲಿಯನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಕೆಲವು ಕ್ಯಾಸೆಟ್ಟುಗಳಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಬಟ್ಟೆಯ ತುಂಡು ಅಂಟು ಒಣಗಿ ಉದುರಿಹೋಗಿದೆ. ಅಂಥವುಗಳ ಸುರುಳಿಯನ್ನು ಸ್ಕ್ರೂ ಇರುವ ಬೇರೆ ಡಬ್ಬಿಗೆ ದಾಟಿಸಬೇಕು. ನಿಧಾನದ ಕೆಲಸ, ಆದರೆ ನನಗೆ ಇಷ್ಟ.

ಹೆಚ್ಚು ಹೊತ್ತು ತಿನ್ನುವುದು ಅಜಿಮತ್, ಅಂದರೆ ಟೇಪಿಗೆ ಹೆಡ್ಡು ನಿಂತಿರುವ ಕೋನ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಸಿಂಬಲ್ಲಿನ ಹೊಳಪು ಹೋಗಿ, ಕಂಬಳಿ ಹೊದ್ದಂತೆ ಕೇಳಿಸುತ್ತದೆ. ಪ್ರತಿ ಕ್ಯಾಸೆಟ್ಟಿಗೂ ಎರಡು ಚಾನೆಲ್ಲನ್ನು ಒಂದು ಮಾಡಿ ಕೇಳುತ್ತಾ, ಮೇಲಿನ ಸ್ವರಗಳು ಪೂರ್ತಿ ತೆರೆದುಕೊಳ್ಳುವವರೆಗೆ ತಿರುಗಿಸುತ್ತೇನೆ. ಆಮೇಲೆ 24 ಬಿಟ್‌ನ ಸೂಕ್ಷ್ಮತೆಯಲ್ಲಿ ಇಳಿಸಿ, ಧ್ವನಿ ಒಂದಿಷ್ಟೂ ಕಳೆಯದ ಫ್ಲಾಕ್ ಫೈಲು ಮಾಡಿಡುತ್ತೇನೆ. ಎಂಪಿ3 ಮಾಡಿದರೆ ಯಜಮಾನರು ಒಪ್ಪುವವರಲ್ಲ.

ವೇಗದ ವಿಷಯದಲ್ಲಿ ಸಂತೋಷ ಕೊಟ್ಟ ಸಂಗತಿ ಒಂದಿದೆ. ಬ್ಯಾಟರಿ ಮೇಲೆ ಓಡಿದ ಹಳೇ ರೆಕಾರ್ಡರುಗಳಲ್ಲಿ ಟೇಪ್ ಒಮ್ಮೆ ಬೇಗ, ಒಮ್ಮೆ ನಿಧಾನ ಓಡಿರುತ್ತದೆ. ಸರಿಯಾದ ಶ್ರುತಿ ಯಾವುದು ಅಂತ ತಿಳಿಯುವುದು ಹೇಗೆ? ಗಿಟಾರನ್ನು ನಂಬುವಂತಿಲ್ಲ. ಆದರೆ ಗ್ರೆಗ್ ನುಡಿಸುವ ಹ್ಯಾಮಂಡ್ ಬಿ-3 ಆರ್ಗನ್ನಿನೊಳಗೆ ಹಲ್ಲಿನ ಚಕ್ರಗಳು ತಿರುಗುತ್ತವೆ, ಅವನ್ನು ತಿರುಗಿಸುವ ಮೋಟಾರು ಕರೆಂಟಿನ 60 ಹರ್ಟ್ಸ್‌ಗೆ ಕಟ್ಟುಬಿದ್ದಿರುತ್ತದೆ. ಹಾಗಾಗಿ ಆರ್ಗನ್ನಿನ ಶ್ರುತಿ ಅಲುಗಾಡುವುದಿಲ್ಲ. ಅದನ್ನೇ ಆಧಾರಷಡ್ಜದಂತೆ ಹಿಡಿದು ಇಡೀ ರಾತ್ರಿಯ ವೇಗ ಸರಿಮಾಡುತ್ತಿದ್ದೇನೆ. ಸತ್ತುಹೋದ ಗಾಯಕನೇ ಕೂತು ಶ್ರುತಿ ಹಿಡಿದುಕೊಟ್ಟ ಹಾಗೆ ಅನ್ನಿಸುತ್ತದೆ.

ಮಾರ್ಚ್

ಇದು ಬೀಕನ್ನಿನ ತಿಂಗಳು. 1990ರ ದಶಕದಲ್ಲಿ ಮಾರ್ಚ್ ಬಂತೆಂದರೆ ಬ್ರಾಡ್‌ವೇ ಮತ್ತು 74ನೇ ಬೀದಿಯ ಮೂಲೆಗೆ ಅದೇ ಜನ, ವರ್ಷ ವರ್ಷವೂ. ಯಜಮಾನರು ಹೇಳುವುದರಲ್ಲಿ ಅರ್ಧ ಹಾಡಿನ ಮಾತು, ಅರ್ಧ ಪಕ್ಕದ ಸೀಟಿನವರ ಮಾತು. ಯಾರಿಗೆ ಮದುವೆಯಾಯಿತು, ಯಾರು ಮಗಳನ್ನು ಕರೆತಂದರು, ಯಾರ ಸೀಟು ಒಂದು ವರ್ಷ ಖಾಲಿ ಉಳಿಯಿತು. ಬ್ಯಾಂಡಿನ ಹಿಂದೆ ಗೋಡೆ ತುಂಬ ಬಣ್ಣದ ದ್ರವದ ಬೆಳಕಿನಾಟ. ಅದನ್ನು ಹೇಳುವಾಗ ಅವರ ಕೈ ತಾನಾಗಿ ಗಾಳಿಯಲ್ಲಿ ತೇಲುತ್ತದೆ.

ಈ ತಿಂಗಳು ಒಂದು ತೀರ್ಮಾನಕ್ಕೆ ಬಂದೆ: ಗದ್ದಲ ತೆಗೆಯುವ ಸಾಫ್ಟ್‌ವೇರ್ ಮುಟ್ಟುವುದಿಲ್ಲ. ಒಂದು ಹಾಡಿನ ಮೇಲೆ ಓಡಿಸಿ ನೋಡಿದ್ದೆ. ಟೇಪಿನ ಬುಸುಗು ಹೋಯಿತು, ಅದರ ಜೊತೆ ಜನವೂ ಹೋದರು. ‘ವಿಪ್ಪಿಂಗ್ ಪೋಸ್ಟ್’ ಬೇಸ್ ಗಿಟಾರಿನಿಂದ ಶುರುವಾಗುತ್ತದೆ, ಹನ್ನೊಂದು ಎಣಿಕೆಯ ಎತ್ತುಗಡೆ. ತಕಿಟ ತಕಿಟ ತಕಿಟ ತಕ ಅಂತ ತೊಡೆ ತಟ್ಟಿದರೆ ನಮ್ಮವರಿಗೆ ತಕ್ಷಣ ಕೈಗೆ ಹತ್ತುತ್ತದೆ. ಅದನ್ನು ಕಟ್ಟಿದ ಗ್ರೆಗ್‌ಗೆ ಅದು ಹನ್ನೊಂದು ಅಂತ ಗೊತ್ತಿರಲಿಲ್ಲವಂತೆ, ಎಣಿಸಿ ಹೇಳಿದವನು ಅಣ್ಣ. ಆ ಮೊದಲ ಸುತ್ತು ಮುಗಿಯುವುದರೊಳಗೆ ಮೈಕಿನ ಹತ್ತಿರ ಒಬ್ಬರು ಉಸಿರೆಳೆದುಕೊಳ್ಳುತ್ತಾರೆ, ಮುಂದಿನ ಸಾಲಿನಲ್ಲಿ ಕೂಗು ಏಳುತ್ತದೆ, ಅದು ಬಾಲ್ಕನಿಗೆ ಹತ್ತುತ್ತದೆ. ಕಂಪನಿಯ ರೆಕಾರ್ಡಿನಲ್ಲಿ ಜನ ದೂರದಲ್ಲೆಲ್ಲೋ ಇರುತ್ತಾರೆ. ಇಲ್ಲಿ ನಾನು ಅವರ ನಡುವೆ ಕೂತಿದ್ದೇನೆ. ಈ ಕ್ಯಾಸೆಟ್ಟುಗಳಲ್ಲಿ ಮಾತ್ರ ಸಿಗುವುದು ಅದೇ, ಅದನ್ನೇ ತೊಳೆದು ಕೊಟ್ಟರೆ ಈ ಕೆಲಸಕ್ಕೆ ಅರ್ಥವಿಲ್ಲ. ಬುಸುಗು ಇರಲಿ.

90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ 45 ನಿಮಿಷ. ಇವರ ಹಾಡುಗಳೋ ಅರ್ಧ ಗಂಟೆಗೂ ಹಿಗ್ಗುವಂಥವು. ‘ಮೌಂಟನ್ ಜ್ಯಾಮ್’ 1972ರ ಎಲ್‌ಪಿಯಲ್ಲೇ ಎರಡು ಮಗ್ಗುಲಿಗೆ ಹರಿದುಹೋಗಿತ್ತು. ಇಲ್ಲೂ ನಡುವೆ ಕ್ಯಾಸೆಟ್ ತಿರುವಿಹಾಕಿದ ಕಡೆ ಕೆಲವು ಕ್ಷಣ ಇಲ್ಲ. ಬೇರೆಯವರ ರೆಕಾರ್ಡಿಂಗಿನಿಂದ ತೇಪೆ ಹಾಕುವುದು ರೂಢಿ. ನಾನು ತೇಪೆ ಹಾಕಿದ ಪ್ರತಿ ಹಾಡಿಗೂ ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆದಿಡುತ್ತಿದ್ದೇನೆ.

ಏಪ್ರಿಲ್

ಡಿಕಿ ಬೆಟ್ಸ್ ತೀರಿಕೊಂಡಿದ್ದು 2024ರ ಏಪ್ರಿಲ್ 18ರಂದು. ಬುಚ್ ಮತ್ತು ಗ್ರೆಗ್ ಇಬ್ಬರೂ 2017ರಲ್ಲೇ ಹೋಗಿದ್ದರು. ಬೆಟ್ಸ್ ನಂತರ ಮೊದಲ ಆರು ಜನರಲ್ಲಿ ಜೈಮೋ ಒಬ್ಬರೇ ಉಳಿದರು. ಹಾಗಾಗಿ ಈ ತಿಂಗಳು ಬೆಟ್ಸ್ ಮುಂದೆ ನಿಂತು ನುಡಿಸಿದ ಹಾಡುಗಳನ್ನೇ ಮೊದಲು ಇಳಿಸಿದೆ. ಡ್ವೇನನ ಹೆಸರಿನ ನೆರಳಿನಲ್ಲಿ ಈ ಮನುಷ್ಯನಿಗೆ ಸಲ್ಲಬೇಕಾದಷ್ಟು ಸಂದಿಲ್ಲ ಅಂತ ನನ್ನ ಬಲವಾದ ಅಭಿಪ್ರಾಯ. ‘ಜೆಸಿಕಾ’ ಕೇಳಿ. ಎರಡೇ ಬೆರಳಿನಲ್ಲಿ ಗಿಟಾರ್ ನುಡಿಸುತ್ತಿದ್ದ ಜ್ಯಾಂಗೊ ರೈನ್‌ಹಾರ್ಟ್‌ಗೆ ಗೌರವವಾಗಿ ಕಟ್ಟಿದ್ದು, ಪುಟ್ಟ ಮಗಳ ಹೆಸರಿಟ್ಟಿದ್ದು. ಮಾತೇ ಇಲ್ಲದ ಆ ಹಾಡಿಗೆ ಥಿಯೇಟರಿಡೀ ಬಾಯಲ್ಲೇ ರಾಗ ಎಳೆಯುವುದು ಈ ಕ್ಯಾಸೆಟ್ಟಿನಲ್ಲಿ ಚೆನ್ನಾಗಿ ಕೇಳುತ್ತದೆ.

ನಾನು ಇವರನ್ನು ಎದುರಿಗೆ ಕಂಡಿದ್ದು ಕಡೆಗಾಲದಲ್ಲಿ, ಬುಚ್‌ನ ಅಣ್ಣನೋ ತಮ್ಮನೋ ಒಬ್ಬರ ಮಗ ಡೆರೆಕ್ ಟ್ರಕ್ಸ್ ಸ್ಲೈಡ್ ಗಿಟಾರ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು) ನುಡಿಸುತ್ತಿದ್ದಾಗ. ಕ್ಯಾಲಿಫೋರ್ನಿಯಾದ ಅಲಿ ಅಕ್ಬರ್ ಖಾನರ ಸಂಗೀತ ಶಾಲೆಯಲ್ಲಿ ಕಲಿತವನು. ಸ್ವರದಿಂದ ಸ್ವರಕ್ಕೆ ಜಾರುವಾಗ ನಡುವಿನ ದಾರಿಯನ್ನೂ ಕೇಳಿಸುತ್ತಾನೆ, ವೀಣೆ ಕೇಳುತ್ತ ಬೆಳೆದ ನನ್ನ ಕಿವಿ ಅಲ್ಲಿಯೇ ಸೋತಿತು.

ಮೇ

ನೆನಪುಗಳ ಕಡತ ದಪ್ಪವಾಗುತ್ತಿದೆ. ಯಜಮಾನರ ಗೆಳತಿಯೊಬ್ಬರು 1971ರ ಜೂನ್ 26ರ ರಾತ್ರಿ ಫಿಲ್ಮೋರ್ ಈಸ್ಟ್‌ನಲ್ಲಿದ್ದವರು. ಮಾರನೇ ದಿನ ಆ ಜಾಗ ಮುಚ್ಚಿತು. ಅವತ್ತು ಬ್ಯಾಂಡ್ ಬೆಳಗಾಗುವವರೆಗೆ ನುಡಿಸಿತು. ಸೆಕೆಂಡ್ ಅವೆನ್ಯೂಗೆ ಬಂದಾಗ ಬೆಳಕು ಹರಿದಿತ್ತು, ಯಾರೂ ಜೋರಾಗಿ ಮಾತಾಡಲಿಲ್ಲ ಅಂದರು. ಫೋನಿನಲ್ಲಿ ಒಂದು ಗಂಟೆ ಹೇಳಿದರು, ನಾನು ನಡುವೆ ಬಾಯಿ ಹಾಕಲಿಲ್ಲ.

ಇನ್ನೊಬ್ಬರು 2014ರ ಅಕ್ಟೋಬರ್ 28ರ ಕೊನೆಯ ಕಛೇರಿಗೆ ಹೋಗಿದ್ದವರು. ನಡುರಾತ್ರಿ ದಾಟಿ 29 ಆಯಿತು, ಡ್ವೇನ್ ಹೋದ ದಿನ. ಕಡೆಯ ಹಾಡು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ‘ಟ್ರಬಲ್ ನೋ ಮೋರ್’. 1969ರಲ್ಲಿ ಆರೂ ಜನ ಕೂತು ಮೊದಲು ಅಭ್ಯಾಸ ಮಾಡಿದ್ದೂ ಅದನ್ನೇ. ಗ್ರೆಗ್ ಅದನ್ನು ವೇದಿಕೆಯಿಂದಲೇ ಹೇಳಿದನಂತೆ.

ಬಾಕಿ ಇರುವುದು: 1996ರ ಕಟ್ಟು ಪೂರ್ತಿ, ಎರಡು ತುಂಡಾದ ಟೇಪುಗಳ ಜೋಡಣೆ, ಹಾಡಿನ ಪಟ್ಟಿಗಳನ್ನು ಯಜಮಾನರ ಜೊತೆ ಕೂತು ತಾಳೆ ನೋಡುವುದು. ಇಳಿಸಿ ಮುಗಿದದ್ದರ ಒಂದು ಪ್ರತಿ ಅವರ ಮನೆಯಲ್ಲಿದೆ, ಇನ್ನೊಂದನ್ನು ಫಿಲ್ಮೋರ್ ಕಂಡ ಆ ಅಮ್ಮನಿಗೆ ಈ ಶನಿವಾರ ಕಳಿಸುತ್ತೇನೆ.