ಮುದ್ರೆಗಿಂತ ಮೊದಲು ಮರ: ಹಳೆಯ ಡ್ಯಾನಿಶ್ ಊಟದ ಕುರ್ಚಿಗಳನ್ನು ಗುರುತಿಸುವ ಬಗೆ

ಹಳೆಯ ಡ್ಯಾನಿಶ್ ಕುರ್ಚಿಯೊಂದು ಕೈಗೆ ಸಿಕ್ಕಿದಾಗ ಹೆಚ್ಚಿನವರು ಅದನ್ನು ಮಗುಚಿ ಮೊದಲು ಹುಡುಕುವುದು ತಯಾರಕರ ಮುದ್ರೆಯನ್ನು. ನಾನೂ ಬಹಳ ಕಾಲ ಹಾಗೆಯೇ ಮಾಡುತ್ತಿದ್ದೆ. ಈಗ ಮುದ್ರೆಯನ್ನು ಕೊನೆಗೆ ನೋಡುತ್ತೇನೆ. ಕಾಗದದ ಚೀಟಿ ಉದುರಿಹೋಗಿರಬಹುದು, ಲೋಹದ ಬಿಲ್ಲೆಯನ್ನು ಬೇರೊಂದು ಕುರ್ಚಿಯಿಂದ ಕಿತ್ತು ಇಲ್ಲಿಗೆ ಬಡಿದಿರಬಹುದು. ಆದರೆ ಮರವನ್ನು ಕೊಯ್ದ, ಕೂಡಿಸಿದ ಮತ್ತು ದಶಕಗಳ ಕಾಲ ಬಳಸಿದ ಗುರುತುಗಳನ್ನು ಯಾರೂ ಅಷ್ಟು ಸುಲಭವಾಗಿ ತಂದು ಅಂಟಿಸಲಾರರು.

ಈ ಪಾಠವನ್ನು ನನಗೆ ಕಲಿಸಿದ್ದು ನೀಲ್ಸ್ ಒಟ್ಟೊ ಮೋಲರ್ ವಿನ್ಯಾಸದ ಆರು ತೇಗದ ಕುರ್ಚಿಗಳು. ಮೋಲರ್ 1944ರಲ್ಲಿ ಡೆನ್ಮಾರ್ಕಿನ ಓರ್ಹುಸ್ ನಗರದಲ್ಲಿ ಆರಂಭಿಸಿದ ಕಾರ್ಖಾನೆ 1951ರ 71ನೆಯ ಮಾದರಿಯನ್ನೂ 1962ರ 78ನೆಯ ಮಾದರಿಯನ್ನೂ ಇಂದಿಗೂ ತಯಾರಿಸುತ್ತಿದೆ. ಆದ್ದರಿಂದ ಆಕಾರವೊಂದನ್ನೇ ನೋಡಿ ಕುರ್ಚಿಯ ವಯಸ್ಸನ್ನು ಹೇಳಲಾಗದು. ಈ ಕುರ್ಚಿಗಳ ಕಾಗದದ ಹುರಿಯ (ಕಾಗದವನ್ನು ಹೊಸೆದು ಮಾಡಿದ ದಾರದ) ಆಸನವನ್ನು ತಿರುಗಿಸಿ ನೋಡಿದರೆ, ಚೌಕಟ್ಟಿನ ಪಟ್ಟಿಗಳ ಒಳಮೈಯಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಬಾಗಿದ ಮೊಳೆಗಳ ಸಾಲೊಂದು ಕಾಣುತ್ತದೆ ಮತ್ತು ಹುರಿಯ ಪ್ರತಿ ಸುತ್ತೂ ಅವುಗಳಿಗೆ ಸಿಕ್ಕಿಕೊಂಡಿರುತ್ತದೆ. ನಾನು ಕೊಂಡ ಆರರಲ್ಲಿ ನಾಲ್ಕಕ್ಕೆ ಈ ಮೊಳೆಗಳಿದ್ದವು, ಉಳಿದೆರಡಕ್ಕೆ ಸ್ಟೇಪಲ್ ಪಿನ್ನುಗಳಿದ್ದವು. ಹುರಿ ಹರಿದಾಗ ಯಾರೋ ಅವಸರದಲ್ಲಿ ದುರಸ್ತಿ ಮಾಡಿರಬೇಕೆಂದು ಮೊದಲು ಭಾವಿಸಿದೆ. ಆದರೆ ಹುರಿಯನ್ನು ಸ್ವಲ್ಪ ಸರಿಸಿದಾಗ, ಮೊದಲ ನಾಲ್ಕರಲ್ಲಿ ಹುರಿಯಡಿ ಮುಚ್ಚಿದ್ದ ಮರಕ್ಕೂ ಬೆಳಕು ಬಿದ್ದ ಮರಕ್ಕೂ ಬಣ್ಣದಲ್ಲಿ ಸ್ಪಷ್ಟವಾದ ಗೆರೆ ಇತ್ತು. ಆ ಎರಡರಲ್ಲಿ ಅಂಥ ಗೆರೆಯೇ ಇರಲಿಲ್ಲ, ಮಾತ್ರವಲ್ಲ, ಮೊಳೆ ಹೊಡೆದ ಒಂದು ಹಳೆಯ ತೂತೂ ಇರಲಿಲ್ಲ. ಅವುಗಳ ಚೌಕಟ್ಟಿನ ಪಟ್ಟಿಗಳನ್ನೇ ಯಾವಾಗಲೋ ಹೊಸದಾಗಿ ಮಾಡಿ ಸೇರಿಸಲಾಗಿತ್ತು. ಮಾರಾಟದ ವಿವರಣೆಯಲ್ಲಿ ಆರೂ ಮೂಲಸ್ಥಿತಿಯಲ್ಲಿವೆ ಎಂದಿತ್ತು, ಆರರ ಮೇಲೂ ಮುದ್ರೆಯಿತ್ತು.

ಡ್ಯಾನಿಶ್ ವಿನ್ಯಾಸಕಾರ ಹಾನ್ಸ್ ವೆಗ್ನರ್ ಅವರ, ಬೆನ್ನಿನಲ್ಲಿ ಇಂಗ್ಲಿಷಿನ ‘ವೈ’ ಆಕಾರದ ಪಟ್ಟಿಯಿರುವ ‘ವೈ’ ಕುರ್ಚಿಯಲ್ಲಿ ನೋಡಬೇಕಾದದ್ದು ಬೇರೆ. ಕಾರ್ಲ್ ಹಾನ್ಸೆನ್ ಸಂಸ್ಥೆ 1950ರಿಂದ ನಿರಂತರವಾಗಿ ತಯಾರಿಸುತ್ತಿರುವ ಈ ಕುರ್ಚಿಯಲ್ಲಿ ಸುಮಾರು 120 ಮೀಟರ್ ಹುರಿಯು ಚೌಕಟ್ಟಿನ ಪಟ್ಟಿಗಳನ್ನೇ ಸುತ್ತಿ, ಲಕೋಟೆಯ ಹಿಂಬದಿಯಂತೆ ನಾಲ್ಕು ಮೂಲೆಗಳಿಂದ ನಡುವಿಗೆ ಬಂದು ಸೇರುತ್ತದೆ. ಬೆನ್ನ ಮೇಲಿನ ಕಮಾನನ್ನು ಒಂದೇ ಮರದ ತುಂಡನ್ನು ಆವಿಯಲ್ಲಿ ಮೆತ್ತಗಾಗಿಸಿ ಬಾಗಿಸಲಾಗಿರುವುದರಿಂದ, ಮರದ ಎಳೆಗಳು ತಿರುವಿನುದ್ದಕ್ಕೂ ಕಮಾನಿನ ಜೊತೆಯಲ್ಲೇ ಸಾಗುತ್ತವೆ. ನಕಲುಗಳಲ್ಲಿ ಹಲವು ತುಂಡುಗಳನ್ನು ಕೊಯ್ದು ಅಂಟಿಸಿ ಕಮಾನು ಮಾಡಿದ್ದರೆ, ಎಳೆಗಳು ತಿರುವಿನ ನಡುವೆ ಥಟ್ಟನೆ ಕತ್ತರಿಸಿಹೋಗುತ್ತವೆ. ಹಗಲಿನ ಬೆಳಕಿನಲ್ಲಿ ಕಮಾನಿನ ಮೇಲೆ ಬೆರಳಾಡಿಸುತ್ತ ಎಳೆಯೊಂದನ್ನು ಹಿಂಬಾಲಿಸಿ ನೋಡಿ. ಮುದ್ರೆಗಿಂತ ಬೇಗ ಉತ್ತರ ಸಿಗುತ್ತದೆ.

ಮುದ್ರೆಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವೆಗ್ನರ್ ಅವರ 1949ರ ‘ದುಂಡು ಕುರ್ಚಿ’ಯನ್ನು ಮೊದಲು ತಯಾರಿಸಿದ್ದು ಕೋಪನ್‌ಹೇಗನ್‌ನ ಯೋಹಾನ್ಸ್ ಹಾನ್ಸೆನ್ ಕಾರ್ಯಾಗಾರ, ಅದು ಮುಚ್ಚಿದ ಬಳಿಕ ತಯಾರಿಕೆ ಪಿ.ಪಿ. ಮೋಬ್ಲರ್ ಸಂಸ್ಥೆಗೆ ಬಂತು. ಎರಡೂ ಅಸಲಿಯೇ ಆಗಿರುವುದರಿಂದ, ಕಾಲವನ್ನು ತೀರ್ಮಾನಿಸುವಾಗ ಅಲ್ಲಿ ಒತ್ತಿದ ಹೆಸರು ಬಹಳ ಮುಖ್ಯವಾಗುತ್ತದೆ. ಆದರೆ ‘ಡ್ಯಾನಿಶ್ ಫರ್ನಿಚರ್ ಮೇಕರ್ಸ್ ಕಂಟ್ರೋಲ್’ ಎಂಬ ದುಂಡನೆಯ ಗುರುತು ಕಂಡ ಕೂಡಲೇ ವಿನ್ಯಾಸಕಾರರ ಹೆಸರನ್ನು ಊಹಿಸುವುದು ತಪ್ಪು. ಅದು ಗುಣಮಟ್ಟವನ್ನು ಸೂಚಿಸುವ ಗುರುತೇ ಹೊರತು ಯಾವ ವಿನ್ಯಾಸಕಾರರ ಸಹಿಯೂ ಅಲ್ಲ.

ಹೆಸರುವಾಸಿಯಾದ ಕುರ್ಚಿಗಳಲ್ಲೂ ಜನ ಮೋಸಹೋಗಿದ್ದಾರೆ. 1963ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ರೂಪದರ್ಶಿ ಕ್ರಿಸ್ಟೀನ್ ಕೀಲರ್ ಅವರ ಪ್ರಸಿದ್ಧ ಛಾಯಾಚಿತ್ರ ತೆಗೆದಾಗ ಅವರು ಕುಳಿತಿದ್ದದ್ದು ಡ್ಯಾನಿಶ್ ವಾಸ್ತುಶಿಲ್ಪಿ ಆರ್ನೆ ಯಾಕೊಬ್‌ಸೆನ್ 1955ರಲ್ಲಿ ಫ್ರಿಟ್ಸ್ ಹಾನ್ಸೆನ್ ಸಂಸ್ಥೆಗಾಗಿ ರೂಪಿಸಿದ ‘ಏಳನೆಯ ಸರಣಿ’ಯ ಕುರ್ಚಿಯ ಮೇಲೆಂದು ಬಹಳ ಮಂದಿ ನಂಬಿದ್ದರು. ವಾಸ್ತವದಲ್ಲಿ ಅದೊಂದು ನಕಲು. ಅದರ ಬೆನ್ನಿನಲ್ಲಿ ಕೈಹಿಡಿಯಲು ಕೊರೆದ ರಂಧ್ರವಿದೆ, ಯಾಕೊಬ್‌ಸೆನ್ ಅವರ ಕುರ್ಚಿಯಲ್ಲಿ ಅದಿಲ್ಲ.

ಬ್ರೆಜಿಲ್‌ನ ರೋಸ್‌ವುಡ್‌ನ ಕುರ್ಚಿಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. 1992ರಿಂದ ಆ ಮರ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿರುವುದರಿಂದ, ಅಂಥ ಕುರ್ಚಿಯನ್ನು ಗಡಿ ದಾಟಿಸುವಾಗ ಮರ ಅದಕ್ಕೂ ಹಿಂದಿನದೆಂದು ತೋರಿಸುವ ದಾಖಲೆ ಬೇಕಾಗುತ್ತದೆ. ಕಾಗದಗಳಿಲ್ಲದೆ ವಯಸ್ಸನ್ನು ಬಾಯಿಮಾತಿನಲ್ಲಿ ಹೇಳುವವರಿಂದ ನಾನು ಕೊಳ್ಳುವುದಿಲ್ಲ.

ಉಪ್ಪುಕಾಗದದಿಂದ ಉಜ್ಜಿ ಹೊಸದರಂತೆ ಹೊಳೆಸಿದ ಕುರ್ಚಿಯ ಬಗ್ಗೆಯೂ ನನಗೆ ಅನುಮಾನವೇ ಹೆಚ್ಚು. ಹಾಗೆ ಉಜ್ಜಿದಾಗ ವಿನ್ಯಾಸಕಾರರು ಅಷ್ಟು ಆಸ್ಥೆಯಿಂದ ಕೆತ್ತಿದ ಅಂಚುಗಳು ಮೊಂಡಾಗುತ್ತವೆ, ಬಣ್ಣದ ಗೆರೆಗಳು ಅಳಿಸಿಹೋಗುತ್ತವೆ, ಅಂದರೆ ಪರಿಶೀಲಿಸಲು ಇದ್ದ ಸಾಕ್ಷ್ಯವೇ ಹೋಗುತ್ತದೆ. ಕಾಲಿನ ತುದಿಯ ಸವೆತವಾಗಲಿ, ತೋಳು ಒರಗಿದ ಜಾಗದ ನುಣುಪಾಗಲಿ ಕಂಡರೆ ನನಗೆ ಸಮಾಧಾನವಾಗುತ್ತದೆ.

ಆ ಆರು ಕುರ್ಚಿಗಳನ್ನು ನಾನು ಬಿಟ್ಟುಕೊಡಲಿಲ್ಲ, ಎರಡರ ಪಟ್ಟಿಗಳನ್ನು ಹಳೆಯದಾಗಿ ಕಾಣುವಂತೆ ಮಾಡಿಸಲೂ ಇಲ್ಲ. ಅವುಗಳ ಆಸನದಡಿ, ಮುದ್ರೆಯ ಪಕ್ಕದಲ್ಲಿಯೇ, ಪಟ್ಟಿಗಳು ಬದಲಾಗಿವೆ ಎಂದು ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.